ನೀಹಾರಿಕೆಯ ಬಣ್ಣ ನಿಜವಾದುದೇ?

ಆನೆಯ ಸೊಂಡಿಲುಗಳಂತೆ ಎದ್ದುನಿಂತ ಮೂರು ಕಂದುಬಣ್ಣದ ಕಂಬಗಳು. ಅವುಗಳ ಹಿಂದೆ ನವಿಲಿನ ಕೊರಳನ್ನು ನೆನಪಿಗೆ ತರುವ ನೀಲಹರಿತ ಕಾಂತಿ. ಈ ಚಿತ್ರವನ್ನು ನಮ್ಮ ವಾಚಕರಲ್ಲಿ ಅನೇಕರು ಪತ್ರಿಕೆಗಳಲ್ಲಿಯೋ ಮಕ್ಕಳ ಪುಸ್ತಕಗಳಲ್ಲಿಯೋ ಕಂಡಿರಬಹುದು. ಸರ್ಪವೆಂಬ ತಾರಾಪುಂಜದಲ್ಲಿ, ನಮಗೆ ಸುಮಾರು ೬,೫೦೦ ಜ್ಯೋತಿರ್ವರ್ಷಗಳ ದೂರದಲ್ಲಿರುವ ಹದ್ದಿನ ನೀಹಾರಿಕೆಯ ಒಂದು ಭಾಗವಿದು. ಹೆಸ್ಟರ್ ಮತ್ತು ಸ್ಕೋವೆನ್ ಎಂಬ ವಿದ್ವಾಂಸರು ಹಬ್ಬಲ್ ದೂರದರ್ಶಕದಿಂದ ೧೯೯೫ರಲ್ಲಿ ತೆಗೆದ ಈ ಛಾಯಾಚಿತ್ರಕ್ಕೆ ‘ಸೃಷ್ಟಿಯ ಸ್ತಂಭಗಳು’ ಎಂದು ಹೆಸರಾಯಿತು.

ನಾವು ಆಗ ಉಪಾಧ್ಯಾಯ ವೃತ್ತಿಯಲ್ಲಿದ್ದೆವು. ಚಿತ್ರವನ್ನು ಪತ್ರಿಕೆಯಿಂದ ಕತ್ತರಿಸಿ, ರಟ್ಟಿಗೆ ಅಂಟಿಸಿ, ತರಗತಿಯ ಗೋಡೆಗೆ ತೂಗಹಾಕಿದೆವು. “ಅಲ್ಲಿಗೆ ಹೋಗಿ ನಿಂತವನ ಕಣ್ಣಿಗೆ ಲೋಕವು ಹೀಗೆ ಕಾಣುವುದು” ಎಂದು ವರ್ಷವರ್ಷವೂ ಬಂದ ಮಕ್ಕಳಿಗೆ, ನಿವೃತ್ತರಾಗುವವರೆಗೂ, ಧೈರ್ಯವಾಗಿ ಹೇಳುತ್ತ ಬಂದೆವು. ಸಂಸ್ಕೃತ ಓದಿದವನಿಗೆ ವರ್ಣನೆಯ ಚಾಪಲ್ಯ ಸ್ವಲ್ಪ ಹೆಚ್ಚು. ಉಷಃಕಾಲದ ಮೇಘಗಳ ಉಪಮಾನವನ್ನೂ ಸೇರಿಸುತ್ತಿದ್ದೆವು.

ಹೀಗಿರಲು, ಕಳೆದ ಗಣೇಶನ ಹಬ್ಬಕ್ಕೆ ಊರಿಗೆ ಬಂದ ಹಳೆಯ ಶಿಷ್ಯನೊಬ್ಬನು ನಮ್ಮ ಮನೆಗೂ ಬಂದನು. ಅವನಿಗೆ ಬೆಂಗಳೂರಿನಲ್ಲಿ ಉದ್ಯೋಗ. ರಾತ್ರಿಯಲ್ಲಿ ತಾರಸಿಯ ಮೇಲೆ ದೂರದರ್ಶಕವನ್ನು ನಿಲ್ಲಿಸಿಕೊಂಡು ಆಕಾಶದ ಚಿತ್ರ ತೆಗೆಯುವುದು ಹವ್ಯಾಸ. “ಮೇಷ್ಟ್ರೇ, ನೀವು ಗೋಡೆಗೆ ಹಾಕಿದ್ದ ನೀಹಾರಿಕೆಯನ್ನು ನಾನೂ ತೆಗೆದಿದ್ದೇನೆ” ಎಂದು ತನ್ನ ಗಣಕಯಂತ್ರವನ್ನು ತೆರೆದು ಮುಂದಿಟ್ಟನು. ನೋಡಿದರೆ ಮೂರು ಚಿತ್ರಗಳು. ಮೂರೂ ಬೂದಿಯ ಬಣ್ಣದವು!

“ಬಣ್ಣವೆಲ್ಲಿ, ಅಪ್ಪಾ?” ಎಂದು ಕೇಳಿದೆವು.

“ಬಣ್ಣವನ್ನು ನಾವೇ ಕೊಡಬೇಕು, ಮೇಷ್ಟ್ರೇ. ಹಬ್ಬಲ್‌ನವರೂ ಹಾಗೆಯೇ ಮಾಡಿದ್ದು” ಎಂದನು.

ನಮ್ಮ ಮನೆಯವರು ತಂದಿಟ್ಟಿದ್ದ ಕಡುಬು ತಟ್ಟೆಯಲ್ಲಿಯೇ ಆರಿತು. ಇಷ್ಟು ವರ್ಷ ಮಕ್ಕಳಿಗೆ ಸುಳ್ಳು ಹೇಳಿದೆವೇ ಎಂಬ ಒಂದೇ ಯೋಚನೆ ನಮ್ಮನ್ನು ಹಿಡಿಯಿತು.

ಅವನು ವಿವರಿಸಿದುದನ್ನು ನಾವು ತಿಳಿದಮಟ್ಟಿಗೆ ಹೇಳುತ್ತೇವೆ. ಬಿಸಿಯಾದ ನಕ್ಷತ್ರಗಳ ಕಿರಣ ತಾಕಿ ಬೆಳಗುವ ತೆಳುವಾದ ಅನಿಲವು ದೀಪದಂತೆ ಎಲ್ಲ ಬಣ್ಣಗಳನ್ನೂ ಒಟ್ಟಿಗೆ ಸೂಸುವುದಿಲ್ಲ; ಒಂದೊಂದು ಧಾತುವೂ ತನಗೆ ನಿಯತವಾದ ಕೆಲವು ಬಣ್ಣಗಳನ್ನೇ ಸೂಸುತ್ತದೆ. ಬೆಳಕಿನ ಅಲೆಯ ಉದ್ದವನ್ನು ನ್ಯಾನೋಮೀಟರುಗಳಲ್ಲಿ, ಎಂದರೆ ಮೀಟರಿನ ನೂರು ಕೋಟಿಯಲ್ಲೊಂದು ಭಾಗದ ಲೆಕ್ಕದಲ್ಲಿ, ಅಳೆಯುತ್ತಾರೆ. ಜಲಜನಕದ ಮುಖ್ಯವಾದ ಕೆಂಪು ೬೫೬. ಗಂಧಕದ ಕೆಂಪು ಸುಮಾರು ೬೭೨. ಆಮ್ಲಜನಕದ ಹಸಿರು ೫೦೧. ಈ ಹಸಿರಿಗೆ ಒಂದು ಕಥೆಯಿದೆ. ೧೮೬೪ರಲ್ಲಿ ಹಗ್ಗಿನ್ಸ್ ಎಂಬ ಆಂಗ್ಲ ಪಂಡಿತನು ಒಂದು ನೀಹಾರಿಕೆಯ ಬೆಳಕಿನಲ್ಲಿ ಇದನ್ನು ಕಂಡನು. ಭೂಮಿಯ ಯಾವ ಧಾತುವಿಗೂ ಅದು ಹೊಂದದಿದ್ದುದರಿಂದ, ‘ನೆಬ್ಯೂಲಿಯಂ’ ಎಂಬ ಹೊಸ ಧಾತುವನ್ನೇ ವಿದ್ವಾಂಸರು ಕಲ್ಪಿಸಿಕೊಂಡರು. ಅದು ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಆಮ್ಲಜನಕವೇ, ಅತ್ಯಂತ ವಿರಳವಾದ ಅನಿಲದಲ್ಲಿ ಮಾತ್ರ ಹೀಗೆ ಬೆಳಗುವುದು ಎಂದು ಬೋವೆನ್ ಎಂಬಾತನು ತೋರಿಸಿದುದು ೧೯೨೭ರಲ್ಲಿ. ಅರುವತ್ತಮೂರು ವರ್ಷ ಪಂಡಿತರೇ ತಪ್ಪಿದ್ದರೆಂದು ಕೇಳಿ ನಮಗೆ ಸ್ವಲ್ಪ ಸಮಾಧಾನವಾಯಿತೆಂಬುದನ್ನು ಮುಚ್ಚಿಡುವುದಿಲ್ಲ.

ಶಿಷ್ಯನು ದೂರದರ್ಶಕದ ಹಿಂದೆ ಇಡುವ ಶೋಧಕವೆಂಬ ಗಾಜು ಒಂದು ವಿಚಿತ್ರವಾದ ಜರಡಿ. ಗೊತ್ತಾದ ಒಂದು ಬಣ್ಣದ ಸುತ್ತ ಕೆಲವೇ ನ್ಯಾನೋಮೀಟರುಗಳಷ್ಟು ಬೆಳಕನ್ನು ಒಳಗೆ ಬಿಟ್ಟು ಮಿಕ್ಕುದೆಲ್ಲವನ್ನೂ ಅದು ತಡೆಯುತ್ತದೆ. ಹಳದಿಯ ಸೋಡಿಯಂ ದೀಪ ಬೆಳಗುವುದು ೫೮೯ರಲ್ಲಿ. ಆ ಬೆಳಕು ಹೊರಗೇ ಉಳಿಯುತ್ತದೆ. ಬಿಳಿಯ ದೀಪಗಳ ಬೆಳಕಿನಲ್ಲಿಯೂ ಒಂದು ಸಣ್ಣ ಪಾಲು ಮಾತ್ರ ನುಸುಳೀತು. ಆದಕಾರಣವೇ ಬೆಂಗಳೂರಿನಂತಹ ಊರಿನಲ್ಲಿ, ಬೆಳುದಿಂಗಳಿನಲ್ಲಿಯೂ ಕೂಡ, ಈ ಕೆಲಸ ನಡೆಯುತ್ತದೆ.

ವೈಶಾಖದ ರಾತ್ರಿಗಳಲ್ಲಿ ಅವನು ಒಂದೊಂದು ಶೋಧಕದಿಂದಲೂ ಹತ್ತು ಹತ್ತು ನಿಮಿಷಗಳ ಹದಿನಾರು ಚಿತ್ರಗಳನ್ನು ತೆಗೆದನಂತೆ. ಹದಿನಾರನ್ನು ಸೇರಿಸಿ ಸರಾಸರಿ ಮಾಡಿದರೆ ಚಿತ್ರದ ಮೇಲಿನ ಮರಳಿನಂತಹ ಕಲೆ ನಾಲ್ಕರಲ್ಲೊಂದು ಪಾಲಿಗೆ ಇಳಿಯುತ್ತದೆ. ತರುವಾಯ ಮೂರು ಬೆಳಕಿನ ಚಿತ್ರಗಳನ್ನೂ ನಕ್ಷತ್ರಕ್ಕೆ ನಕ್ಷತ್ರ ಕೂಡುವಂತೆ ಒಂದರ ಮೇಲೊಂದು ಜೋಡಿಸಬೇಕು. ಹಳೆಯ ಕ್ಯಾಲೆಂಡರುಗಳಲ್ಲಿ ಅಚ್ಚು ಸರಿದು ಲಕ್ಷ್ಮಿಯ ತುಟಿಯ ಕೆಂಪು ಕೆನ್ನೆಗೆ ಬಂದಿರುತ್ತಿದ್ದುದನ್ನು ಕಂಡವರಿಗೆ ಈ ಜೋಡಣೆಯ ಕಷ್ಟ ಹೇಳದೆಯೇ ತಿಳಿಯುವುದು.

ಇನ್ನು ಬಣ್ಣದ ಮಾತು. ೧೮೬೧ರಲ್ಲಿ ಮ್ಯಾಕ್ಸ್‌ವೆಲ್ ಪಂಡಿತನು ಒಂದು ಪಟ್ಟೆಪಟ್ಟೆಯ ರಿಬ್ಬನ್ನಿನ ಚಿತ್ರವನ್ನು ಕೆಂಪು, ಹಸಿರು, ನೀಲಿ ಶೋಧಕಗಳಿಂದ ಬೇರೆಬೇರೆಯಾಗಿ ತೆಗೆಸಿ, ಅದೇ ಶೋಧಕಗಳ ಮೂಲಕ ತೆರೆಯ ಮೇಲೆ ಕೂಡಿಸಿ ತೋರಿಸಿದನು. ಯಾವ ಬಣ್ಣದಿಂದ ಒಳಬಂದಿತೋ ಆ ಬಣ್ಣದಿಂದಲೇ ಹೊರಗೆ. ಹಬ್ಬಲ್ ಚಿತ್ರದಲ್ಲಿ ಈ ನಿಯಮವಿಲ್ಲ: ಗಂಧಕಕ್ಕೆ ಕೆಂಪು, ಜಲಜನಕಕ್ಕೆ ಹಸಿರು, ಆಮ್ಲಜನಕಕ್ಕೆ ನೀಲಿ. ಸಹಜವಾಗಿ ಕೆಂಪಾದ ಜಲಜನಕಕ್ಕೆ ಹಸಿರಿನ ವೇಷ!

“ಅದರದರ ಬಣ್ಣವನ್ನು ಅದಕ್ಕೇ ಕೊಟ್ಟು ತೋರಿಸು” ಎಂದು ನಾವು ಹಟ ಹಿಡಿದೆವು. ಅವನು ಮರುಮಾತಾಡದೆ ಹಾಗೆಯೇ ಮಾಡಿದನು. ಜಲಜನಕ, ಗಂಧಕಗಳೆರಡೂ ಕೆಂಪಿಗೆ ಕೆಂಪು ಬೆರೆತು, ಕುಂಕುಮ ಚೆಲ್ಲಿದಂತೆ ಒಂದೇ ರಾಶಿಯಾಯಿತು. ಯಾವುದು ಎಲ್ಲಿದೆಯೆಂದು ಹೇಳುವಂತೆಯೇ ಇರಲಿಲ್ಲ. ಹದಿನಾರು ನ್ಯಾನೋಮೀಟರುಗಳ ಅಂತರ ನಮ್ಮ ಕಣ್ಣಿಗೆ ಅಲ್ಲಿ ನಿಲುಕದು. ಮತ್ತೆ ಹಬ್ಬಲ್ ಕ್ರಮದಲ್ಲಿ ಜೋಡಿಸಿದೊಡನೆ ಎಲ್ಲವೂ ಬಿಡಿಬಿಡಿಯಾಯಿತು. ಆಮ್ಲಜನಕದಿಂದ ಎರಡು ಎಲೆಕ್ಟ್ರಾನುಗಳನ್ನು ಕಿತ್ತುಕೊಳ್ಳಲು ತೀಕ್ಷ್ಣವಾದ ಕಿರಣ ಬೇಕು. ಆದಕಾರಣ ಬಿಸಿ ನಕ್ಷತ್ರಗಳಿಗೆ ಬಯಲಾದ ಕಡೆ ನೀಲಿ. ಗಂಧಕಕ್ಕೆ ಸೌಮ್ಯವಾದ ಕಿರಣವೇ ಸಾಕು. ಆದಕಾರಣ ಕಂಬಗಳ ಅಂಚಿನಲ್ಲಿ, ಕಿರಣದ ತೀಕ್ಷ್ಣತೆ ಕುಗ್ಗುವಲ್ಲಿ, ಕೆಂಪಿನ ಛಾಯೆ. ನಕ್ಷತ್ರಗಳ ಕಿರಣಗಳು ಕಂಬವನ್ನು ಎಲ್ಲಿ ತಿನ್ನುತ್ತಿವೆಯೆಂಬುದು ಬಣ್ಣದಿಂದಲೇ ತಿಳಿಯುತ್ತದೆ.

ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧ ಸಂಕೇತದಿಂದ ಬಂದುದೆಂದು ನೈಯಾಯಿಕರು, ನಿತ್ಯವಾದುದೆಂದು ಮೀಮಾಂಸಕರು ಬಹುಕಾಲ ವಾದಿಸಿದರು. ಶಬ್ದದ ಮಾತು ಹೇಗಾದರಿರಲಿ, ನೀಹಾರಿಕೆಯ ಬಣ್ಣದ ವಿಷಯದಲ್ಲಿ ನಾವು ಈಗ ನೈಯಾಯಿಕರ ಪಕ್ಷ. ಸಂಕೇತವನ್ನು ಹೇಳಿ ತೋರಿಸಿದರೆ ಅದು ಭಾಷೆ. ನಾವು ಮಾಡಿದಂತೆ ಹೇಳದೆ ತೋರಿಸಿದರೆ ಭ್ರಾಂತಿ.

ಆದರೂ ಒಂದು ಆಕ್ಷೇಪಣೆ ಉಳಿದಿತ್ತು. ಜಲಜನಕದ ಬೆಳಕು ಉಳಿದೆರಡಕ್ಕಿಂತ ಬಹಳ ಪ್ರಬಲ. ಇದ್ದಂತೆಯೇ ಕೂಡಿಸಿದರೆ ಚಿತ್ರವೆಲ್ಲ ಪಾಚಿಗಟ್ಟಿದ ಕೊಳದಂತೆ ಹಸಿರಾಗುತ್ತದೆ. ಆದ್ದರಿಂದ ಗಂಧಕ, ಆಮ್ಲಜನಕಗಳನ್ನು ಹೆಚ್ಚಾಗಿ ಎತ್ತಿ ಸಮಮಾಡುತ್ತಾರೆ. ಹಾಗೆ ಎತ್ತುವಾಗ ನಕ್ಷತ್ರಗಳ ಕೆಂಪೂ ನೀಲಿಯೂ ಏರಿ, ಅವು ನೇರಿಳೆಮಿಶ್ರಿತ ಕೆಂಪಾಗಿಬಿಡುತ್ತವೆ. “ಇದು ಮೋಸವಲ್ಲವೇ?” ಎಂದೆವು. “ಒಂದೇ ಬೆಳಕಿನ ಚಿತ್ರದೊಳಗೆ ಹೆಚ್ಚುಕಡಮೆಯ ಕ್ರಮ ಕೆಡುವುದಿಲ್ಲ, ಮೇಷ್ಟ್ರೇ. ಆದರೆ ಸಿದ್ಧವಾದ ಚಿತ್ರವನ್ನು ನೋಡಿ, ಗಂಧಕ ಇಷ್ಟು, ಜಲಜನಕ ಇಷ್ಟು ಎಂದು ತೂಗಲಾಗದು. ತೂಗಬೇಕಾದವರು ಬೂದಿಬಣ್ಣದ ಮೂಲಕ್ಕೇ ಹೋಗಬೇಕು” ಎಂದನು. ಆ ನಕ್ಷತ್ರಗಳ ಬಣ್ಣವನ್ನು ಅವನೂ ಸಮರ್ಥಿಸಲಿಲ್ಲ. ಅಲ್ಲಿಗೇ ಹೋಗಿ ನಿಂತವನಿಗಾದರೂ ಏನು ಕಂಡೀತೆಂದು ಕೇಳಿದ್ದಕ್ಕೆ, ಹರಡಿಕೊಂಡ ಮಂಜಿನ ಕಾಂತಿ ಹತ್ತಿರ ಹೋದಮಾತ್ರಕ್ಕೆ ಏರುವುದಿಲ್ಲವೆಂದೂ, ಅಷ್ಟು ಮಂದವಾದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬೂದಿಬಣ್ಣವಲ್ಲದೆ ಬೇರೇನೂ ಹೆಚ್ಚಾಗಿ ತೋರದೆಂದೂ ಹೇಳಿದನು. ಉಷಃಕಾಲದ ಉಪಮಾನಕ್ಕೆ ಅಲ್ಲಿಯೂ ಜಾಗವಿಲ್ಲವಾಯಿತು.

ಶಾಲೆಯ ಗೋಡೆಯ ಮೇಲೆ ನಮ್ಮ ಚಿತ್ರ ಈಗಲೂ ತೂಗುತ್ತಿದೆ. ಬಿಸಿಲಿಗೆ ಅದರ ಕೆಂಪು ಮಾಸಿದೆ. ಶಿಷ್ಯನು ಊರು ಬಿಡುವ ಮುನ್ನ ಅವನನ್ನು ಕರೆದುಕೊಂಡು ಹೋಗಿ, ಅದರ ಕೆಳಗೆ ಒಂದು ಚೀಟಿ ಅಂಟಿಸಿದೆವು: ‘ಕೆಂಪು ಎಂದರೆ ಗಂಧಕ, ಹಸಿರು ಎಂದರೆ ಜಲಜನಕ, ನೀಲಿ ಎಂದರೆ ಆಮ್ಲಜನಕ. ಕಣ್ಣಿಗೆ ಹೀಗೆ ಕಾಣದು.’ ಪಕ್ಕದಲ್ಲಿ ಅವನ ಮೂರು ಬೂದಿಬಣ್ಣದ ಚಿತ್ರಗಳನ್ನು ಸಾಲಾಗಿ ಹಾಕಿಸಿದೆವು. ಅಲ್ಲಿಯೇ ನಿಂತಿದ್ದ ಏಳನೆಯ ತರಗತಿಯ ಹುಡುಗಿಯೊಬ್ಬಳು ಚೀಟಿಯನ್ನು ಓದಿ, “ಹಾಗಾದರೆ ಜಲಜನಕಕ್ಕೆ ಹಸಿರನ್ನೇ ಏಕೆ ಕೊಟ್ಟರು ಸಾರ್?” ಎಂದು ಕೇಳಿದಳು. ಮೂರರಲ್ಲಿ ಅತಿ ಉದ್ದವಾದ ಅಲೆಗೆ ಕೆಂಪು, ನಡುವಿನದಕ್ಕೆ ಹಸಿರು, ಗಿಡ್ಡವಾದುದಕ್ಕೆ ನೀಲಿ, ಕಾಮನಬಿಲ್ಲಿನ ಸಾಲಿನಂತೆಯೇ, ಎಂದು ಶಿಷ್ಯನು ಅವಳಿಗೆ ಹೇಳಿಕೊಡುತ್ತಿದ್ದುದನ್ನು ನಾವು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಿದೆವು.