ಡಾಕ್ಟರ ಮುಂದೆ ಕಾಯಿಲೆಯ ಹೆಸರು ಹೇಳಬೇಡಿ

ವಾಣಿಜ್ಯ ಓದುವವನಿಗೆ ಆಸ್ಪತ್ರೆಯ ಉಸಾಬರಿ ಯಾಕೆ ಎಂದು ಮಿತ್ರರು ಕೇಳಬಹುದು. ಕಾರಣ ಇಷ್ಟೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಬೀದಿಯಲ್ಲಿ ಹಿಂದಿ ಮರಾಠಿ ಕಲಿತು, ಕಾಲೇಜಿನಲ್ಲಿ ಇಂಗ್ಲಿಷಿನ ಜೊತೆ ಗುದ್ದಾಡುತ್ತಿರುವ ನನ್ನಂಥವರು ಮುಂಬಯಿಯ ಎಷ್ಟೋ ಕನ್ನಡ ಮನೆಗಳಲ್ಲಿದ್ದೇವೆ. ದೊಡ್ಡಪ್ಪನಿಗೋ ಅತ್ತೆಗೋ ಕಾಯಿಲೆಯಾದರೆ ಕೇಸ್ ಪೇಪರಿನ ಸಾಲಿನಲ್ಲಿ ನಿಲ್ಲುವವರು ನಾವೇ, ಅವರ ಮಾತನ್ನು ಡಾಕ್ಟರಿಗೆ ದಾಟಿಸುವವರೂ ನಾವೇ. 1845ರಷ್ಟು ಹಳೆಯ ಜೆ.ಜೆ., 1926ರಲ್ಲಿ ತೆರೆದ ಪರೇಲಿನ ಕೆ.ಇ.ಎಂ., ನಾಯರ್, ಸಯನ್ ಮುಂತಾದ ದೊಡ್ಡ ಆಸ್ಪತ್ರೆಗಳಲ್ಲಿ ಬೆಳಗಿನ ಹೊತ್ತು ಎಷ್ಟು ಜನ ಇರುತ್ತಾರೆ ಎಂಬುದು ನಿಮಗೆ ಗೊತ್ತು. ಡಾಕ್ಟರು ಒಬ್ಬ ರೋಗಿಗೆ ಕೊಡಬಹುದಾದದ್ದು ಕೆಲವೇ ನಿಮಿಷ. ಆ ನಿಮಿಷಗಳಲ್ಲಿ ನಾವು ಆಡುವ ಮಾತಿನ ಮೇಲೆ ಮುಂದಿನ ದಾರಿ ನಿಂತಿರುತ್ತದೆ. ಕಿವಿ, ಶ್ವಾಸನಾಳ, ಮೂತ್ರದ ದಾರಿ ಈ ಮೂರರ ವಿಷಯದಲ್ಲಂತೂ ನಮ್ಮ ಮನೆಮಾತಿನ ಹೆಸರುಗಳು ಸುಲಭವಾಗಿ ದಾರಿ ತಪ್ಪಿಸುತ್ತವೆ. ಹೇಗೆ ಅಂತ ಒಂದೊಂದಾಗಿ ನೋಡೋಣ.

ಮೊದಲು ಕಿವಿ. "ಕಿವಿ ಸೋರ್ತದೆ, ಆದರೆ ಸ್ವಲ್ಪವೇ" ಅಂತ ನಾವು ಸಮಾಧಾನದಿಂದ ಹೇಳುತ್ತೇವೆ. ಇಲ್ಲಿ ಲೆಕ್ಕ ತಲೆಕೆಳಗು. ನೆಗಡಿಯಾದಾಗೆಲ್ಲ ಲೋಳೆಯಂತೆ ಹೆಚ್ಚಾಗಿ ಸೋರಿ, ವಾಸನೆಯೇನೂ ಇಲ್ಲದಿದ್ದರೆ ಸಾಮಾನ್ಯವಾಗಿ ಕಿವಿಯ ತಮಟೆಯ ನಡುವೆ ತೂತಾಗಿರುತ್ತದೆ. ಸ್ವಲ್ಪವೇ ಸೋರಿ ಕೆಟ್ಟ ವಾಸನೆ ಬಂದರೆ ಹೆಚ್ಚು ಎಚ್ಚರ ಬೇಕು. ತಮಟೆಯ ಚರ್ಮ ಒಳಕ್ಕೆ ಬೆಳೆದು ಗಂಟಾಗಿ, ಸುತ್ತಲಿನ ಮೂಳೆಯನ್ನು ತಿನ್ನುತ್ತ ಹೋಗುವ ಕೊಲೆಸ್ಟಿಯಟೋಮ ಅದಾಗಿರಬಹುದು. ಆ ಮೂಳೆಯ ಮೇಲ್ಗಡೆಯೇ ಮಿದುಳು. ಮುಖವನ್ನು ಆಡಿಸುವ ನರವೂ ಅದರೊಳಗಿಂದಲೇ ಹಾದುಹೋಗುತ್ತದೆ. ಹಾಗೇ ಬಿಟ್ಟರೆ ಕಿವುಡಾಗುವುದಷ್ಟೇ ಅಲ್ಲ, ಮುಖ ಸೊಟ್ಟಗಾಗಬಹುದು, ಮಿದುಳಿನಲ್ಲಿ ಕೀವು ಕಟ್ಟಬಹುದು.

ಡಾಕ್ಟರು ಮೊದಲು ದೀಪ ಹಿಡಿದು ತಮಟೆ ನೋಡುತ್ತಾರೆ. ಆಮೇಲೆ ಶ್ರುತಿಕವೆಯನ್ನು ಮೀಟಿ ಕಿವಿಯ ಹಿಂದಿನ ಮೂಳೆಗೆ ಒತ್ತುತ್ತಾರೆ, ನಂತರ ಕಿವಿಯ ಮುಂದೆ ಹಿಡಿಯುತ್ತಾರೆ. ಮೂಳೆಯ ಮೂಲಕವೇ ಜೋರಾಗಿ ಕೇಳಿಸಿದರೆ ಶಬ್ದ ಒಳಕ್ಕೆ ಸಾಗುವ ದಾರಿಯಲ್ಲಿ ತೊಡಕಿದೆ ಎಂದು ಅರ್ಥ. ಎಷ್ಟು ಕಡಿಮೆ ಕೇಳುತ್ತದೆ ಎಂಬುದನ್ನು ಆಡಿಯೋಮೆಟ್ರಿಯಿಂದ ಅಳೆಯುತ್ತಾರೆ. ಈ ಅಳತೆಗೂ ಶ್ರವಣಯಂತ್ರಕ್ಕೂ ಬಾಂದ್ರಾದಲ್ಲಿ 1983ರಲ್ಲಿ ಸ್ಥಾಪನೆಯಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಇದೆ. ನಮ್ಮ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಅದಕ್ಕಿಂತ ಹಿರಿಯದು, 1965ರದು. ಬರೀ ತೂತಾಗಿದ್ದರೆ ಕಿವಿಯ ಮೇಲ್ಭಾಗದ ಸ್ನಾಯುವಿನ ಹೊದಿಕೆಯಿಂದ ತೆಳುವಾದ ಚೂರು ತೆಗೆದು ತಮಟೆಗೆ ತೇಪೆ ಹಾಕುತ್ತಾರೆ. ಇದಕ್ಕೆ ಟಿಂಪನೋಪ್ಲಾಸ್ಟಿ ಎನ್ನುತ್ತಾರೆ. ಕೊಲೆಸ್ಟಿಯಟೋಮ ಆಗಿದ್ದರೆ ಕಿವಿಯ ಹಿಂದಿನ ಮೂಳೆಯನ್ನು ಕೊರೆದು ಅದನ್ನು ಪೂರ್ತಿ ತೆಗೆಯಬೇಕು. ಅಲ್ಲಿ ಅಪಾಯ ಕಳೆಯುವುದು ಮೊದಲು, ಕೇಳಿಸುವಂತೆ ಮಾಡುವುದು ಆಮೇಲೆ.

ಎರಡನೆಯದು ಉಸಿರಿನ ದಾರಿ. ಮಗು ಏದುಸಿರು ಬಿಟ್ಟರೆ ನಾವು "ದಮ್ಮು" ಅಂತೇವೆ. ಹಿಂದಿಗೆ ತಿರುಗಿಸಿದರೆ ಅದು "ದಮಾ" ಆಗಿಬಿಡುತ್ತದೆ, ಅಂದರೆ ಅಸ್ತಮಾ. ಆದರೆ ಮಗು ಶೇಂಗಾ ತಿನ್ನುತ್ತ ಆಡುತ್ತಿದ್ದಾಗ ಥಟ್ಟನೆ ಕೆಮ್ಮು ಹತ್ತಿ, ಅಂದಿನಿಂದ ಉಸಿರು ಸುಂಯ್‌ಗುಟ್ಟುತ್ತಿದ್ದರೆ ಅದು ಬೇರೆಯೇ ಕಥೆ. ಕಾಳು ಶ್ವಾಸನಾಳಕ್ಕೆ ಜಾರಿರಬಹುದು. ಮೊದಲ ಕೆಮ್ಮು ನಿಂತು ಮಗು ಆರಾಮಾದಂತೆ ಕಾಣುತ್ತದೆ, ಮನೆಯವರು ಮರೆತುಬಿಡುತ್ತಾರೆ. ಎಕ್ಸರೆಯಲ್ಲಿ ನಾಣ್ಯ ಕಾಣುತ್ತದೆ, ಶೇಂಗಾ ಕಾಣುವುದಿಲ್ಲ. ಹಾಗಾಗಿ "ಏನು ತಿನ್ನುತ್ತಿತ್ತು, ಯಾವಾಗ ಕೆಮ್ಮಿತು" ಎಂಬ ಒಂದು ವಾಕ್ಯವೇ ಇಲ್ಲಿ ದೊಡ್ಡ ಪುರಾವೆ. ಅನುಮಾನ ಬಂದರೆ ಅರಿವಳಿಕೆ ಕೊಟ್ಟು, ಬ್ರಾಂಕೋಸ್ಕೋಪ್ ಎಂಬ ದೀಪವಿರುವ ಕೊಳವೆಯನ್ನು ಬಾಯಿಯಿಂದ ಇಳಿಸಿ, ಕಣ್ಣಲ್ಲಿ ಕಂಡೇ ಚಿಮಟದಿಂದ ತೆಗೆಯುತ್ತಾರೆ. ಜರ್ಮನಿಯ ಗುಸ್ತಾವ್ ಕಿಲಿಯನ್ ಎಂಬ ವೈದ್ಯರು 1897ರಲ್ಲಿ ರೈತನೊಬ್ಬನ ಶ್ವಾಸನಾಳದಿಂದ ಹೀಗೆ ಮೂಳೆಯ ಚೂರನ್ನು ತೆಗೆದರು. ಆ ವಿದ್ಯೆ ಶುರುವಾದದ್ದು ಅಲ್ಲಿಂದ. ಒಂದು ಮಾತು ನೆನಪಿಡಿ: ಇಂಥ ಮಗುವಿನ ಬಾಯಿಗೆ ಕಾಣದೆ ಬೆರಳು ಹಾಕಿ ತಡಕಬಾರದು. ಸಿಕ್ಕಿದ್ದು ಇನ್ನೂ ಒಳಗೆ ಹೋದೀತು.

ಮೂರನೆಯದು ಯಾರೂ ಬಾಯಿಬಿಡದ ವಿಷಯ. ನಮ್ಮ ದೊಡ್ಡಪ್ಪ ಹೊಟೇಲಿನ ಭಟ್ಟಿಯ ಮುಂದೆ ಮೂವತ್ತು ವರ್ಷ ನಿಂತವರು. ತಮ್ಮನ ಮಗನ ಎದುರು ಮೂತ್ರದ ಮಾತು ಆಡುವುದೆಂದರೆ ಅವರಿಗೆ ಸಂಕೋಚ. ಡಾಕ್ಟರು ಕೇಳಿದಾಗ "ಉಷ್ಣ ಆಗಿದೆ" ಅಂದು ಸುಮ್ಮನಾದರು. ಉಷ್ಣವನ್ನು "ಗರಮಿ" ಅಂದರೆ ಆಯಿತೇ? ಹಿಂದಿ ಮರಾಠಿಯ ಆಡುಮಾತಿನಲ್ಲಿ ಗರಮಿ ಅಂದರೆ ಸೆಕೆಯೂ ಹೌದು, ಗುಹ್ಯರೋಗವೂ ಹೌದು! ನಾನು ಆ ಪದವನ್ನು ಅಲ್ಲೇ ಬಿಟ್ಟು ಕನ್ನಡದಲ್ಲೇ ಕೇಳಿದೆ: "ದೊಡ್ಡಪ್ಪ, ರಾತ್ರಿ ಎಷ್ಟು ಸಲ ಏಳ್ತೀರಿ? ಧಾರೆ ಸರಾಗ ಬರ್ತದಾ?" ಅವರು ನೆಲ ನೋಡುತ್ತ ಅಂದರು, "ಆರು ಸಲ ಏಳ್ತೇನೆ ಮಗಾ. ಹೋಗ್ಬೇಕು ಅನಿಸ್ತದೆ, ನಿಂತರೆ ಹನಿ ಹನಿ." ಡಾಕ್ಟರಿಗೆ ಅಷ್ಟು ಸಾಕಾಯಿತು.

ಪದೇ ಪದೇ ಹೋಗುವವರಿಗೆ ಮೂತ್ರ ಜಾಸ್ತಿ ಅಂತ ನಾವು ತಿಳಿಯುತ್ತೇವೆ. ಎಷ್ಟೋ ಸಲ ಅದು ಕಟ್ಟಿಕೊಂಡು, ತುಂಬಿದ ಕೊಡದಂತೆ ಮೇಲಿನದಷ್ಟೇ ಚೆಲ್ಲುತ್ತಿರುತ್ತದೆ. ವಯಸ್ಸಾದ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ದಪ್ಪಗಾಗಿ ದಾರಿಯನ್ನು ಒತ್ತುತ್ತದೆ. ಮೂತ್ರ ಮಾಡಿ ಬಂದ ಮೇಲೂ ಮೂತ್ರಕೋಶದಲ್ಲಿ ಎಷ್ಟು ಉಳಿದಿದೆ ಎಂದು ಸೋನೋಗ್ರಫಿಯಲ್ಲಿ ನೋಡುತ್ತಾರೆ. ಕ್ಯಾನ್ಸರಿನ ಅನುಮಾನವಿದ್ದರೆ ರಕ್ತಪರೀಕ್ಷೆ, ಮುಂದಿನ ತಪಾಸಣೆ ಬೇರೆ. ಬಹಳ ಜನರಿಗೆ ಮಾತ್ರೆಯೇ ಸಾಕು. ಸಾಲದಿದ್ದರೆ ಹೊಟ್ಟೆ ಕೊಯ್ಯದೆ, ಮೂತ್ರದ ದಾರಿಯಿಂದಲೇ ಉಪಕರಣ ಹಾಕಿ ಅಡ್ಡ ಬಂದ ಭಾಗವನ್ನು ಕೆರೆದು ತೆಗೆಯುತ್ತಾರೆ. ತಡಮಾಡಿದರೆ ಹಿಂದಿನ ಒತ್ತಡಕ್ಕೆ ಕಿಡ್ನಿಯೇ ಹಾಳಾಗಬಹುದು. ದೊಡ್ಡಪ್ಪನಿಗೆ ಆಪರೇಷನ್ನೇ ಆಯಿತು. ಕೆಲವು ದಿನ ನಳಿಕೆ ಇಟ್ಟಿದ್ದರು. ಈಗ ರಾತ್ರಿ ನಿದ್ದೆ ಮಾಡುತ್ತಾರೆ.

ಭಟ್ಟಿಯ ಕೆಲಸದವರಿಗೆ ಇನ್ನೊಂದು ಮಾತು. ಬೆವರಾಗಿ ಹೋದ ನೀರನ್ನು ಕುಡಿದು ತುಂಬಿಸದಿದ್ದರೆ ಮೂತ್ರ ಗಟ್ಟಿಯಾಗಿ ಕಲ್ಲು ಕಟ್ಟುವ ಸಂಭವ ಹೆಚ್ಚು. ಸಣ್ಣ ಕಲ್ಲು ತಾನಾಗಿ ಬೀಳಬಹುದು. ಕೆಲವನ್ನು ಹೊರಗಿನಿಂದ ಆಘಾತದ ಅಲೆ ಬಿಟ್ಟು ಪುಡಿ ಮಾಡುತ್ತಾರೆ. ಇದು 1980ರಲ್ಲಿ ಮ್ಯೂನಿಕ್ಕಿನಲ್ಲಿ ಮೊದಲಾದ ವಿಧಾನ. ಉಳಿದವಕ್ಕೆ ದುರ್ಬೀನು. ಪಕ್ಕೆನೋವಿನ ಜೊತೆ ಚಳಿಜ್ವರ ಬಂದರೆ ಮಾತ್ರ ಮನೆಯಲ್ಲಿ ಬಾರ್ಲಿ ನೀರು ಕುಡಿಯುತ್ತ ಕೂರಬಾರದು, ಅಂದೇ ಆಸ್ಪತ್ರೆಗೆ ಹೋಗಬೇಕು.

ನಮ್ಮ ಲೆಕ್ಕಶಾಸ್ತ್ರದಲ್ಲಿ ವೋಚರು ಮೊದಲು, ಯಾವ ಖಾತೆ ಎಂಬುದು ಆಮೇಲೆ. ಡಾಕ್ಟರ ಮುಂದೆಯೂ ಹಾಗೇ. ಯಾವಾಗ ಶುರುವಾಯಿತು, ಎಷ್ಟು, ಯಾವ ಬಣ್ಣ, ಯಾವ ವಾಸನೆ, ಯಾವಾಗ ಹೆಚ್ಚು ಎಂಬುದನ್ನು ಹಿಂದಿನ ರಾತ್ರಿಯೇ ಕನ್ನಡದಲ್ಲಿ ಕೇಳಿ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಹಿರಿಯರು ನಿಮ್ಮೆದುರು ಸಂಕೋಚಪಟ್ಟರೆ ನೀವೇ ಮೊದಲು ಮಾತು ತೆಗೆಯಿರಿ. ಹೆಸರಿಡುವ ಕೆಲಸ ಡಾಕ್ಟರದು, ಅವರು ನೋಡಿ ಇಡುತ್ತಾರೆ.