ವಸಡಿನ ರೋಗ ಮತ್ತು ದವಡೆ ಮೂಳೆಯ ಕ್ಷಯ: ರೋಗನಿರೋಧಕ ಕಣಗಳ ಪಾತ್ರ

(ದಾವಣಗೆರೆ ನಗರ ಮತ್ತು ಹರಿಹರ ತಾಲ್ಲೂಕಿನ ಸಾರ್ವಜನಿಕರ ಮಾಹಿತಿಗಾಗಿ)

ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರುವುದನ್ನು ಅನೇಕರು ಸಾಮಾನ್ಯ ಸಂಗತಿಯೆಂದು ಭಾವಿಸುತ್ತಾರೆ. ನೋವಿಲ್ಲದ ಕಾರಣ ಚಿಕಿತ್ಸೆಯನ್ನೂ ಪಡೆಯುವುದಿಲ್ಲ. ವರ್ಷಗಳ ನಂತರ ಹುಳುಕಿಲ್ಲದ ಹಲ್ಲುಗಳೂ ಅಲುಗಾಡತೊಡಗಿದಾಗ ಆಸ್ಪತ್ರೆಗೆ ಬರುತ್ತಾರೆ. ಆ ವೇಳೆಗೆ ಹಲ್ಲನ್ನು ಹಿಡಿದಿರುವ ಮೂಳೆ ಬಹಳಷ್ಟು ಕರಗಿರುತ್ತದೆ. ಇದು ಹೇಗೆ ಸಂಭವಿಸುತ್ತದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ರೋಗದ ಆರಂಭ

ಹಲ್ಲು ಮತ್ತು ವಸಡು ಸೇರುವಲ್ಲಿ ಬ್ಯಾಕ್ಟೀರಿಯಾಗಳಿಂದ ಕೂಡಿದ ಪಾಚಿ ಕಟ್ಟುತ್ತದೆ. ಅದನ್ನು ದಿನವೂ ತೆಗೆಯದಿದ್ದಲ್ಲಿ ವಸಡು ಕೆಂಪಾಗಿ ಊದಿಕೊಳ್ಳುತ್ತದೆ. ಆಗ ರಕ್ತದಲ್ಲಿರುವ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ಮೊದಲು ಧಾವಿಸಿ ಬಂದು ಬ್ಯಾಕ್ಟೀರಿಯಾಗಳನ್ನು ಎದುರಿಸುತ್ತವೆ. ಈ ಹಂತದಲ್ಲಿ ಪಾಚಿಯನ್ನು ತೆಗೆದರೆ ವಸಡು ಪೂರ್ವಸ್ಥಿತಿಗೆ ಮರಳುತ್ತದೆ.

ಮೂಳೆ ಕರಗುವ ಬಗೆ

ಪಾಚಿ ಹಾಗೆಯೇ ಉಳಿದಲ್ಲಿ ಮ್ಯಾಕ್ರೊಫೇಜ್, ಟಿ-ಕಣ ಹಾಗೂ ಬಿ-ಕಣಗಳೂ ಬಂದು ಸೇರುತ್ತವೆ. ಇವು ಹೊರಸೂಸುವ ರಾಸಾಯನಿಕ ಸಂದೇಶಗಳಿಂದ ಉರಿಯೂತ ದೀರ್ಘಕಾಲ ಮುಂದುವರಿಯುತ್ತದೆ. ಟಿ ಮತ್ತು ಬಿ ಕಣಗಳು ರ‍್ಯಾಂಕ್-ಎಲ್ ಎಂಬ ಪ್ರೋಟೀನನ್ನೂ ಉತ್ಪಾದಿಸುತ್ತವೆ. ಮೂಳೆ ಕರಗಿಸುವ ಆಸ್ಟಿಯೊಕ್ಲಾಸ್ಟ್ ಕಣಗಳನ್ನು ರೂಪಿಸುವಂತೆ ಆಜ್ಞಾಪಿಸುವುದು ಇದೇ ಪ್ರೋಟೀನು. ಆಸ್ಟಿಯೊಕ್ಲಾಸ್ಟ್‌ಗಳು ಆಮ್ಲ ಮತ್ತು ಕಿಣ್ವಗಳನ್ನು ಸ್ರವಿಸಿ ಮೂಳೆಯನ್ನು ಕರಗಿಸುತ್ತವೆ.

ಈ ಆಜ್ಞೆಯನ್ನು ತಡೆಯುವ ಆಸ್ಟಿಯೊಪ್ರೊಟೆಜೆರಿನ್ ಎಂಬ ಮತ್ತೊಂದು ಪ್ರೋಟೀನು ದೇಹದಲ್ಲಿಯೇ ಇದ್ದು, ಅದರ ಕುರಿತ ಸಂಶೋಧನೆ 1997ರಲ್ಲಿ ಪ್ರಕಟವಾಯಿತು. ಆರೋಗ್ಯವಂತರಲ್ಲಿ ಇವೆರಡೂ ಸಮತೋಲನದಲ್ಲಿರುತ್ತವೆ. ದೀರ್ಘಕಾಲದ ಉರಿಯೂತದಲ್ಲಿ ಕರಗುವ ಬಾಬ್ತು ಹೆಚ್ಚಾಗಿ, ಕಟ್ಟುವ ಬಾಬ್ತು ಕಡಿಮೆಯಾಗುತ್ತದೆ.

ಹಾಗೆಂದು ರೋಗನಿರೋಧಕ ಕಣಗಳು ಶತ್ರುಗಳಲ್ಲ. ನ್ಯೂಟ್ರೊಫಿಲ್‌ಗಳು ರಕ್ತನಾಳದಿಂದ ಹೊರಬರಲಾರದ ಒಂದು ಅಪರೂಪದ ಆನುವಂಶಿಕ ಕಾಯಿಲೆಯಲ್ಲಿ ಚಿಕ್ಕ ವಯಸ್ಸಿನಲ್ಲೇ ವಸಡಿನ ರೋಗ ತೀವ್ರವಾಗಿ ಹಲ್ಲುಗಳು ಬೀಳುತ್ತವೆ. ಆದುದರಿಂದ ಈ ಕಣಗಳನ್ನು ನಿರಂತರವಾಗಿ ಕೆರಳಿಸುವ ಪಾಚಿಯನ್ನು ತೆಗೆಯುವುದೇ ಚಿಕಿತ್ಸೆಯ ಮೂಲವಾಗಿದೆ.

ಯಾರಿಗೆ ಹೆಚ್ಚು ಅಪಾಯ

1. ಮಧುಮೇಹ ಹತೋಟಿಯಲ್ಲಿಲ್ಲದವರಲ್ಲಿ ಮೂಳೆ ಬೇಗ ಕರಗುತ್ತದೆ. ವಸಡಿನ ಉರಿಯೂತವೂ ಸಕ್ಕರೆಯ ಹತೋಟಿಯನ್ನು ಕಷ್ಟಗೊಳಿಸುತ್ತದೆ.
2. ಬೀಡಿ, ಸಿಗರೇಟು ಸೇದುವವರಲ್ಲಿ ವಸಡಿನ ರಕ್ತಸ್ರಾವ ಕಡಿಮೆ ಕಾಣಿಸುವುದರಿಂದ ರೋಗ ಮರೆಯಲ್ಲಿಯೇ ಬೆಳೆಯುತ್ತದೆ. ಗುಟ್ಕಾ ಹಾಗೂ ತಂಬಾಕು ಬೆರೆಸಿದ ಎಲೆ-ಅಡಿಕೆಯೂ ವಸಡಿಗೆ ಹಾನಿಕರ.

ತಪ್ಪು ತಿಳಿವಳಿಕೆಗಳು

ರಕ್ತ ಬರುತ್ತದೆಂದು ಹಲ್ಲುಜ್ಜುವುದನ್ನು ನಿಲ್ಲಿಸಬಾರದು. ನಿಲ್ಲಿಸಿದರೆ ಪಾಚಿ ಹೆಚ್ಚುತ್ತದೆ. ಯಂತ್ರದಿಂದ ಹಲ್ಲು ಶುಚಿಗೊಳಿಸಿದರೆ ಹಲ್ಲು ಸಡಿಲವಾಗುತ್ತದೆಂಬುದೂ ಸರಿಯಲ್ಲ. ಕರಗಿದ ಮೂಳೆಯ ಜಾಗವನ್ನು ತುಂಬಿದ್ದ ಗಟ್ಟಿ ಪದರ ಹೋದಾಗ ಮೊದಲೇ ಇದ್ದ ಸಡಿಲತೆ ಅರಿವಿಗೆ ಬರುತ್ತದೆ, ಅಷ್ಟೆ.

ದಂತಪಂಕ್ತಿ ಕೋರುವವರ ಗಮನಕ್ಕೆ

ಬಡತನ ರೇಖೆಗಿಂತ ಕೆಳಗಿರುವ ಕುಟುಂಬಗಳ ಹಿರಿಯರಿಗೆ ಉಚಿತ ದಂತಪಂಕ್ತಿ ಒದಗಿಸುವ ದಂತ ಭಾಗ್ಯ ಯೋಜನೆಯನ್ನು ರಾಜ್ಯದಲ್ಲಿ 2014-15ನೇ ಸಾಲಿನಲ್ಲಿ ಜಾರಿಗೆ ತರಲಾಯಿತು. ಆದರೆ ದಂತಪಂಕ್ತಿಯೂ ದವಡೆಯ ಮೂಳೆಯ ಮೇಲೆಯೇ ಕೂರಬೇಕು. ಮೂಳೆ ತೀರಾ ಸವೆದಿದ್ದಲ್ಲಿ ಅದು ಭದ್ರವಾಗಿ ನಿಲ್ಲುವುದಿಲ್ಲ. ರೊಟ್ಟಿ, ಮಂಡಕ್ಕಿ ಅಗಿಯುವುದೂ ಕಷ್ಟವಾಗುತ್ತದೆ. ಕರಗಿದ ಮೂಳೆ ಬಹುತೇಕ ತಾನಾಗಿ ಮರಳಿ ಬೆಳೆಯುವುದಿಲ್ಲ. ಆದ್ದರಿಂದ ಹಲ್ಲು ಬೀಳುವವರೆಗೆ ಕಾಯದೆ, ರಕ್ತ ಕಾಣಿಸಿದಾಗಲೇ ತಪಾಸಣೆ ಮಾಡಿಸಿಕೊಳ್ಳುವುದು ಸೂಕ್ತ.

ಎಲ್ಲಿ ಸಂಪರ್ಕಿಸಬೇಕು

ದಾವಣಗೆರೆಯವರು ಚಿಗಟೇರಿ ಜಿಲ್ಲಾ ಆಸ್ಪತ್ರೆಯ ದಂತ ವಿಭಾಗವನ್ನು, ಹರಿಹರದವರು ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಯ ದಂತ ವೈದ್ಯರನ್ನು ಮೊದಲು ಕಾಣಬಹುದಾಗಿದೆ. ಹೆಚ್ಚಿನ ಚಿಕಿತ್ಸೆ ಅಗತ್ಯವಿದ್ದಲ್ಲಿ ಹರಿಹರದಿಂದ ಸುಮಾರು 14 ಕಿ.ಮೀ. ದೂರದ ದಾವಣಗೆರೆ ನಗರದಲ್ಲಿ ಬಾಪೂಜಿ ದಂತ ವೈದ್ಯಕೀಯ ಕಾಲೇಜು ಹಾಗೂ ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಇವೆ. ಅಲ್ಲಿ ವಸಡಿನ ರೋಗಕ್ಕೆ ಪ್ರತ್ಯೇಕ ವಿಭಾಗಗಳಿವೆ. ದಂತ ಭಾಗ್ಯದ ಪ್ರಸ್ತುತ ವಯೋಮಿತಿ ಹಾಗೂ ಬೇಕಾದ ದಾಖಲೆಗಳ ವಿವರವನ್ನು ಸರ್ಕಾರಿ ಆಸ್ಪತ್ರೆಯ ದಂತ ವೈದ್ಯರಿಂದ ಪಡೆಯಬಹುದು. ಹೋಗುವಾಗ ಪಡಿತರ ಚೀಟಿಯನ್ನೂ, ಮಧುಮೇಹವಿದ್ದಲ್ಲಿ ಚಿಕಿತ್ಸಾ ಚೀಟಿಯನ್ನೂ ಜೊತೆಯಲ್ಲಿ ಕೊಂಡೊಯ್ಯಲು ಕೋರಲಾಗಿದೆ.