ಕೈ ನಿಂತರೆ ಪಗಾರ ನಿಲ್ಲಬೇಕೆ?

ಮುಂಬಯಿಗೆ ದುಡಿಯಲು ಬಂದ ನಮ್ಮವರಿಗೆ ಎರಡು ಕೈಗಳೇ ಆಸ್ತಿ. ಕೈ ನಿಂತ ತಿಂಗಳು ಖೋಲಿಯ ಬಾಡಿಗೆಯಾಗಲಿ ಊರಿನ ಮನೆಯ ಖರ್ಚಾಗಲಿ ನಿಲ್ಲುವುದಿಲ್ಲ. ಅಂಥ ಹೊತ್ತಿಗೆಂದೇ ಇರುವುದು ನೌಕರರ ರಾಜ್ಯ ವಿಮೆ, ಅಂದರೆ ಇ.ಎಸ್.ಐ. 1948ರ ಕಾಯಿದೆಯಿಂದ ಹುಟ್ಟಿ, 1952ರಲ್ಲಿ ಕಾನಪುರ ಮತ್ತು ದಿಲ್ಲಿಗಳಲ್ಲಿ ಆರಂಭವಾದ ಈ ಯೋಜನೆ 1954ರಲ್ಲಿ ಮುಂಬಯಿಗೆ ಬಂತು. ಈಗ ಅದು 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವುಳ್ಳವರಿಗೆ ಇದು ಅನ್ವಯಿಸುತ್ತದೆ. ನೂರು ರೂಪಾಯಿ ಸಂಬಳಕ್ಕೆ ನಮ್ಮ ವಂತಿಗೆ 75 ಪೈಸೆ, ಧಣಿಯದು 3 ರೂಪಾಯಿ 25 ಪೈಸೆ.

ದಿನಕ್ಕೆ 500 ರೂಪಾಯಿ ಸಂಬಳದವನೊಬ್ಬನ ಲೆಕ್ಕ ನೋಡೋಣ.

ಕಾಯಿಲೆ ಬಿದ್ದರೆ: ನೂರಕ್ಕೆ 70ರಂತೆ ದಿನಕ್ಕೆ 350 ರೂಪಾಯಿ, ವರ್ಷಕ್ಕೆ 91 ದಿನಗಳವರೆಗೆ. ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಸಂದಿರಬೇಕು. ಸಾಮಾನ್ಯವಾಗಿ ಮೊದಲ ಎರಡು ದಿನಕ್ಕೆ ಹಣವಿಲ್ಲ. ಕ್ಷಯ, ಕ್ಯಾನ್ಸರ್‌ಗಳಂಥ ಗೊತ್ತುಪಡಿಸಿದ ದೀರ್ಘ ರೋಗವಾದರೆ, ಎರಡು ವರ್ಷ ಸತತವಾಗಿ ದುಡಿದವನಿಗೆ ದಿನಕ್ಕೆ 400 ರೂಪಾಯಿಯಂತೆ ಎರಡು ವರ್ಷದವರೆಗೂ ಸಿಗಬಹುದು.

ಕೆಲಸದಲ್ಲಿ ಪೆಟ್ಟಾದರೆ: ನೂರಕ್ಕೆ 90ರಂತೆ 450 ರೂಪಾಯಿ, ಗುಣವಾಗುವವರೆಗೆ. ಕೆಲಸಕ್ಕೆ ಸೇರಿದ ಮೊದಲ ದಿನವೇ ಪೆಟ್ಟಾದರೂ ಈ ಹಕ್ಕುಂಟು. ಆದರೆ ಅಪಘಾತದ ದಿನವನ್ನು ಬಿಟ್ಟು ಕನಿಷ್ಠ ಮೂರು ದಿನವಾದರೂ ಕೆಲಸ ತಪ್ಪಿರಬೇಕು. ಮನೆಗೂ ಕೆಲಸಕ್ಕೂ ನಡುವಿನ ಪ್ರಯಾಣದಲ್ಲಾದ ಅಪಘಾತಕ್ಕೂ 2010ರ ತಿದ್ದುಪಡಿಯಿಂದ ದಾರಿಯಾಯಿತು. ಲೋಕಲ್ ಗಾಡಿಯಲ್ಲಿ ನೇತಾಡಿ ಬರುವ ನಾವು ಇದನ್ನು ನೆನಪಿಡಬೇಕು.

ಊನ ಶಾಶ್ವತವಾಗಿ ಉಳಿದರೆ: ದುಡಿಯುವ ಶಕ್ತಿ ಎಷ್ಟು ಕುಂದಿತೆಂದು ವೈದ್ಯಮಂಡಲಿ ನಿರ್ಣಯಿಸುತ್ತದೆ. ನೂರಕ್ಕೆ 20 ಎಂದಾದರೆ 450ರಲ್ಲಿ 20 ಪಾಲು, ದಿನಕ್ಕೆ 90 ರೂಪಾಯಿ, ಜೀವಮಾನವಿಡೀ.

ಗಿರಣಿಯೊಂದರಲ್ಲಿ ಹಾಜರಿ ಬರೆಯುವ ಕಾರಕೂನನಾದ ನಾನು ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಖಾತೆಯ ಹುಡುಗನೊಬ್ಬನ ಬೆರಳು ಯಂತ್ರಕ್ಕೆ ಸಿಕ್ಕಿತು. ಮೇಲಿನವರು “ನಾಳೆ ನೋಡೋಣ” ಎಂದರು. ನಾನೂ ಅಪಘಾತದ ಪುಸ್ತಕದಲ್ಲಿ ಬರೆಯಲಿಲ್ಲ. ಅವನು ಕೈಗೆ ಬಟ್ಟೆ ಸುತ್ತಿಕೊಂಡು ಊರಿಗೆ ಹೋದ. ಎರಡು ತಿಂಗಳ ಮೇಲೆ ಮರಳಿದಾಗ, ಪೆಟ್ಟು ಗಿರಣಿಯಲ್ಲೇ ಆದುದೆಂದು ತೋರಿಸಲು ಒಂದು ತುಂಡು ಕಾಗದವೂ ಇರಲಿಲ್ಲ. ಅಂದಿನಿಂದ ನಾನು ಮೊದಲು ಬರೆಯುತ್ತೇನೆ, ಆಮೇಲೆ ಕೇಳುತ್ತೇನೆ.

ಆದುದರಿಂದ ಬಂಧುಗಳೇ, ಪೆಟ್ಟಾದ ದಿನವೇ ಪುಸ್ತಕದಲ್ಲಿ ಬರೆಸಿರಿ, ಕಂಡವರ ಹೆಸರನ್ನೂ ಸೇರಿಸಿರಿ. ಊರಿನ ಗಾಡಿ ಹತ್ತುವ ಮೊದಲು ವಿಮಾ ದವಾಖಾನೆಗೆ ಹೋಗಿ ವೈದ್ಯರ ಸರ್ಟಿಫಿಕೇಟು ಪಡೆಯಿರಿ. ನಿಮ್ಮ ವಿಮಾ ಸಂಖ್ಯೆಯನ್ನು ಮನೆಯವರಿಗೂ ತಿಳಿಸಿಡಿರಿ. ಅರ್ಜಿ ಬರೆಯಲು ತೊಡಕಾದರೆ ಭಾನುವಾರ ವಾಚನಾಲಯಕ್ಕೆ ಬನ್ನಿರಿ, ಕೂತು ಬರೆದುಕೊಡೋಣ. ಇದು ಯಾರೂ ಕೊಡುವ ದಾನವಲ್ಲ, ನಮ್ಮ ವಂತಿಗೆ ಸಂದ ಹಕ್ಕು.